ಟರ್ಬೊ ಕಾರಿಗೆ ಯಾವ ಆಯಿಲ್? ಬೆಂಗಳೂರಿನ ಓಡಾಟದಲ್ಲಿ ಯಾವಾಗ ಬದಲಿಸಬೇಕು?

ಟರ್ಬೊ ಕಾರು ತಗೊಂಡವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. ಯಾವ ಕಂಪನಿ ಆಯಿಲ್ ಒಳ್ಳೆಯದು? ಮೆಕ್ಯಾನಿಕ್ ದಪ್ಪ ಆಯಿಲ್ ಹಾಕಿಸಿ ಅಂತಾರೆ, ಹಾಕಿಸಬಹುದಾ? ಸರ್ವಿಸ್‌ಗೆ ಇನ್ನೂ 4,000 ಕಿ.ಮೀ. ಬಾಕಿ ಇದೆ, ಅಲ್ಲಿವರೆಗೆ ಬಿಡಬಹುದಾ? ಮೂರಕ್ಕೂ ಇಲ್ಲಿ ವಿವರವಾಗಿ ಉತ್ತರ ಬರೆದಿದ್ದೇನೆ. ಮೂರನೆಯದು ಬೆಂಗಳೂರಿನವರಿಗೆ ಎಲ್ಲಕ್ಕಿಂತ ಮುಖ್ಯ. ಆದರೆ ಹೆಚ್ಚಿನವರು ಒದ್ದಾಡುವುದು ಮೊದಲನೆಯದರ ಬಗ್ಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಿಂಬದಿಯಲ್ಲಿ ‘ಟರ್ಬೊ’ ಅಂತ ಬರೆದಿರುವ ಪೆಟ್ರೋಲ್ ಕಾರುಗಳು ಮಾತ್ರ ಟರ್ಬೊ ಅಲ್ಲ. ಈಗಿನ ಡೀಸೆಲ್ ಕಾರುಗಳಲ್ಲೂ ಟರ್ಬೊ ಇದ್ದೇ ಇರುತ್ತದೆ. ಹಳೆಯ 1.3 ಲೀಟರ್ ಡೀಸೆಲ್ ಸ್ವಿಫ್ಟ್‌ನಲ್ಲೂ ಇತ್ತು. ಹಾಗಾಗಿ ಡೀಸೆಲ್ ಕಾರು ಇರುವವರೂ ಇದನ್ನು ಓದಿ.

ಟರ್ಬೊಗೆ ಆಯಿಲ್ ಯಾಕೆ ಅಷ್ಟು ಮುಖ್ಯ

ಎಂಜಿನ್‌ನಿಂದ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತುಂಬುತ್ತದೆ. ಟರ್ಬೊ ಅಂದರೆ ಇಷ್ಟೇ. ಆದರೆ ಆ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ದಾಟುತ್ತದೆ. ಚಿಕ್ಕ ಟರ್ಬೊಗಳಲ್ಲಿ ಎರಡು ಲಕ್ಷದ ಹತ್ತಿರ ಹೋಗುತ್ತದೆ. ಪೆಟ್ರೋಲ್ ಎಂಜಿನ್ ಜೋರಾಗಿ ಓಡುವಾಗ ಹೊಗೆಯ ಬಿಸಿ 900 ಡಿಗ್ರಿ ಸುಮಾರಿಗೆ ಮುಟ್ಟುತ್ತದೆ. ಇಷ್ಟು ವೇಗ, ಇಷ್ಟು ಬಿಸಿಯ ಮಧ್ಯೆ ಶಾಫ್ಟನ್ನು ಲೋಹಕ್ಕೆ ಲೋಹ ತಾಗದ ಹಾಗೆ ತೇಲಿಸಿ ಹಿಡಿದಿರುವುದು ಕೂದಲಿಗಿಂತ ತೆಳುವಾದ ಒಂದು ಆಯಿಲ್ ಪದರ. ಶಾಫ್ಟಿನ ಬಿಸಿಯನ್ನು ಹೊತ್ತೊಯ್ಯುವುದೂ ಅದೇ ಆಯಿಲ್.

ಆಯಿಲ್ ಕೆಟ್ಟರೆ ಏನಾಗುತ್ತದೆ ಅಂತ ತಿಳಿಯಲು ಅಡುಗೆಮನೆಗೆ ಹೋಗಿ ಹಳೆಯ ಬಾಣಲೆ ನೋಡಿ. ಅಂಚಿನಲ್ಲಿ ಕಂದು ಬಣ್ಣದ ಅಂಟು ಕೂತಿರುತ್ತದೆ, ಉಗುರಿನಿಂದ ಕೆರೆದರೂ ಬರುವುದಿಲ್ಲ. ಎಣ್ಣೆ ಮತ್ತೆ ಮತ್ತೆ ಕಾದು ಹೀಗಾಗಿದೆ. ಟರ್ಬೊ ಒಳಗೂ ಇದೇ ಆಗುತ್ತದೆ. ಇದಕ್ಕೆ ಕೋಕಿಂಗ್ ಅನ್ನುತ್ತಾರೆ, ಅಂದರೆ ಆಯಿಲ್ ಸುಟ್ಟು ಇದ್ದಿಲಿನ ಹಾಗೆ ಗಟ್ಟಿಯಾಗುವುದು. ಟರ್ಬೊಗೆ ಆಯಿಲ್ ತರುವ ಪೈಪು ಬೆರಳಿಗಿಂತ ಸಣ್ಣದು. ಅದರಲ್ಲಿ ಈ ಕರಿ ಕೂತರೆ ಆಯಿಲ್ ಕಡಿಮೆಯಾಗುತ್ತದೆ, ಬೇರಿಂಗ್ ಸವೆಯುತ್ತದೆ, ಕೊನೆಗೆ ಟರ್ಬೊನೇ ಹೋಗುತ್ತದೆ.

ಹಂತ 1: ಮ್ಯಾನ್ಯುಯಲ್‌ನಿಂದ ಮೂರು ಸಾಲು ಬರೆದುಕೊಳ್ಳಿ

ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಸುಮ್ನೆ ಬಿದ್ದಿರುವ ಮ್ಯಾನ್ಯುಯಲ್ ಪುಸ್ತಕ ತೆಗೆಯಿರಿ. ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಎಂಜಿನ್ ಆಯಿಲ್ ಪುಟದಿಂದ ಇವನ್ನು ಬರೆದುಕೊಳ್ಳಿ:

- ಗ್ರೇಡ್. ಉದಾಹರಣೆಗೆ 0ಡಬ್ಲ್ಯೂ-20, 5ಡಬ್ಲ್ಯೂ-30, 5ಡಬ್ಲ್ಯೂ-40.
- ಸ್ಪೆಸಿಫಿಕೇಶನ್. ಎಪಿಐ (ಅಮೆರಿಕದ ಮಾನದಂಡ), ಎಸಿಇಎ (ಯುರೋಪಿನ ಮಾನದಂಡ) ಅಥವಾ ಕಾರು ಕಂಪನಿಯದೇ ಒಂದು ಕೋಡ್.
- ಫಿಲ್ಟರ್ ಸೇರಿ ಎಷ್ಟು ಲೀಟರ್ ಹಿಡಿಯುತ್ತದೆ.

ಮೂರನೆಯದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಅದು ಯಾಕೆ ಬೇಕು ಅನ್ನುವುದು ಹಂತ 5ರಲ್ಲಿ ಬರುತ್ತದೆ.

ಸ್ನೇಹಿತರ ಕಾರಿಗೆ ಹಾಕಿದ್ದು ನಿಮ್ಮ ಕಾರಿಗೆ ಆಗಲೇಬೇಕು ಅಂತಿಲ್ಲ. ಎರಡೂ 1 ಲೀಟರ್ ಟರ್ಬೊ ಪೆಟ್ರೋಲ್ ಆಗಿದ್ದರೂ ಎಂಜಿನ್ ಒಳಗಿನ ಕಟ್ಟೋಣ ಬೇರೆ ಇರಬಹುದು. ಹಳೆಯ ಇಕೋಸ್ಪೋರ್ಟ್‌ನ 1 ಲೀಟರ್ ಇಕೋಬೂಸ್ಟ್ ಎಂಜಿನ್ ತಗೊಳ್ಳಿ. ಅದರ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ನೆನೆದು ಓಡುತ್ತದೆ. ತಪ್ಪು ಆಯಿಲ್ ಹಾಕಿದರೆ ಬೆಲ್ಟಿನ ರಬ್ಬರ್ ಉದುರುತ್ತದೆ, ಚೂರುಗಳು ಆಯಿಲ್ ಹೀರುವ ಜಾಲರಿಗೆ ಕಟ್ಟಿಕೊಳ್ಳುತ್ತವೆ. ಆಗ ಟರ್ಬೊಗೂ ಆಯಿಲ್ ಹೋಗುವುದಿಲ್ಲ.

ಹಂತ 2: ಕ್ಯಾನ್ ಮೇಲಿನ ಅಕ್ಷರ ಓದುವುದು ಹೇಗೆ

ಕ್ಯಾನ್ ಮುಂಭಾಗದ ದೊಡ್ಡ ಹೆಸರು, ಚಿನ್ನದ ಬಣ್ಣ, ರೇಸ್ ಕಾರಿನ ಚಿತ್ರ ಇವನ್ನೆಲ್ಲ ಬಿಡಿ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ.

5ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಅಂದರೆ ಚಳಿಗಾಲ. ಮೊದಲ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಎರಡನೆಯದು ಎಂಜಿನ್ ಕಾದ ಮೇಲೆ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದಕ್ಕೆ. 0ಡಬ್ಲ್ಯೂ ಆಯಿಲ್‌ನ ಚಳಿ ಪರೀಕ್ಷೆ ನಡೆಯುವುದು ಸೊನ್ನೆಗಿಂತ 35 ಡಿಗ್ರಿ ಕೆಳಗೆ, 5ಡಬ್ಲ್ಯೂನದು 30 ಡಿಗ್ರಿ ಕೆಳಗೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ಮ್ಯಾನ್ಯುಯಲ್ 5ಡಬ್ಲ್ಯೂ ಹೇಳಿರುವಾಗ ಜಾಸ್ತಿ ದುಡ್ಡು ಕೊಟ್ಟು 0ಡಬ್ಲ್ಯೂ ಹುಡುಕುವ ಅಗತ್ಯ ನಮ್ಮೂರಲ್ಲಿ ಇಲ್ಲ.

ಇನ್ನು ದಪ್ಪ ಆಯಿಲ್ ವಿಷಯ. ‘ನಮ್ಮ ಕಡೆ ಬಿಸಿಲು, 20ಡಬ್ಲ್ಯೂ-50 ಹಾಕಿಸಿ ಸಾರ್’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಹಳೆಯ ಎಂಜಿನ್‌ಗಳ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಹೊರಗೆ 20 ಡಿಗ್ರಿ ಇರಲಿ, 36 ಇರಲಿ, ಓಡುವ ಎಂಜಿನ್ ಒಳಗೆ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ದಪ್ಪ ಆಯಿಲ್ ಬೆಳಗ್ಗೆ ಜೋನಿ ಬೆಲ್ಲದ ಹಾಗೆ ನಿಧಾನಕ್ಕೆ ಹರಿದು ಟರ್ಬೊಗೆ ತಡವಾಗಿ ತಲುಪುತ್ತದೆ. ಟರ್ಬೊ ಸವೆಯುವುದು ಆ ಮೊದಲ ಕ್ಷಣಗಳಲ್ಲೇ. ದಯವಿಟ್ಟು ಹಾಕಿಸಬೇಡಿ. ಮ್ಯಾನ್ಯುಯಲ್‌ನಲ್ಲೇ 5ಡಬ್ಲ್ಯೂ-30 ಮತ್ತು 5ಡಬ್ಲ್ಯೂ-40 ಎರಡಕ್ಕೂ ಒಪ್ಪಿಗೆ ಇದ್ದರೆ, ಘಾಟಿ ಮತ್ತು ಹೈವೇ ಓಡಾಟ ಜಾಸ್ತಿ ಇರುವವರು 40 ಆರಿಸಬಹುದು. ನಾನಾದರೆ ಹಾಗೇ ಮಾಡುತ್ತೇನೆ.

ಈಗ ಸ್ಪೆಸಿಫಿಕೇಶನ್. ಗ್ರೇಡ್ ಹೇಳುವುದು ಆಯಿಲ್ ಎಷ್ಟು ದಪ್ಪ ಅನ್ನುವುದನ್ನು ಮಾತ್ರ. ಗುಣ ಏನು ಅಂತ ಹೇಳುವುದು ಈ ಅಕ್ಷರಗಳು.

ಪೆಟ್ರೋಲ್ ಕಾರಿಗೆ ಎಪಿಐ ಎಸ್‌ಪಿ ಅಥವಾ ಅದಕ್ಕಿಂತ ಹೊಸದು ನೋಡಿ. ಎಸ್‌ಪಿ ಬಂದಿದ್ದು 2020ರಲ್ಲಿ. ಮ್ಯಾನ್ಯುಯಲ್‌ನಲ್ಲಿ ಎಸ್‌ಎನ್ ಅಂತಿದ್ದರೂ ಎಸ್‌ಪಿ ಹಾಕಬಹುದು, ಹೊಸದು ಹಳೆಯದರ ಜಾಗ ತುಂಬುತ್ತದೆ. ಎಸ್‌ಪಿಯಲ್ಲಿ ಎಲ್‌ಎಸ್‌ಪಿಐ ಅನ್ನುವ ತೊಂದರೆಗೆ ಪರೀಕ್ಷೆ ಇದೆ. ಎಂಜಿನ್ ನಿಧಾನ ತಿರುಗುವಾಗ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ, ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಮೊದಲೇ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಬಹುದು. ಪಿಸ್ಟನ್ ಮೇಲೆ ಸುತ್ತಿಗೆಯಲ್ಲಿ ಹೊಡೆದಂಥ ಒತ್ತಡ ಬೀಳುತ್ತದೆ, ಪಿಸ್ಟನ್ ಒಡೆಯಲೂಬಹುದು. ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಗೆ ಚಿಮ್ಮಿಸುವ ಚಿಕ್ಕ ಟರ್ಬೊ ಎಂಜಿನ್‌ಗಳಿಗೆ ಈ ಕಾಟ ಜಾಸ್ತಿ. ಆಯಿಲ್‌ನಲ್ಲಿ ಕೊಳೆ ತೊಳೆಯಲು ಹಾಕುವ ಕ್ಯಾಲ್ಸಿಯಂ ಹೆಚ್ಚಿದ್ದರೆ ಇದಕ್ಕೆ ಆಸ್ಪದ ಜಾಸ್ತಿ ಅಂತ ಗೊತ್ತಾದ ಮೇಲೆ ಆಯಿಲ್ ತಯಾರಿಕೆಯನ್ನೇ ಬದಲಿಸಿದರು. ಹಳೆಯ ಸ್ಟಾಕಿನ ಅಗ್ಗದ ಆಯಿಲ್ ಬೇಡ ಅನ್ನುವುದು ಇದಕ್ಕೇ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಡಿಪಿಎಫ್ ಇರುತ್ತದೆ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜಾಲರಿ ಅದು. ಆಯಿಲ್ ಸುಟ್ಟಾಗ ಉಳಿಯುವ ಬೂದಿ ಆ ಜಾಲರಿಯಲ್ಲಿ ಕೂತರೆ ಮತ್ತೆ ಹೋಗುವುದಿಲ್ಲ. ಅದಕ್ಕೆ ಬೂದಿ ಕಡಿಮೆ ಇರುವ ಆಯಿಲ್ ಬೇಕು, ಎಸಿಇಎ ಸಿ2 ಅಥವಾ ಸಿ3 ಥರದ್ದು. ಇಲ್ಲಿ ಮಾತ್ರ ‘ಹೊಸದು ಹಳೆಯದರ ಬದಲು ನಡೆಯುತ್ತದೆ’ ಅನ್ನುವ ಲೆಕ್ಕ ಇಲ್ಲ. ಸಿ2 ಹೇಳಿದ್ದರೆ ಸಿ2, ಸಿ3 ಹೇಳಿದ್ದರೆ ಸಿ3. ಲಾರಿ, ಟ್ರ್ಯಾಕ್ಟರ್‌ಗೆ ಅಂತ ಮಾರುವ ಡೀಸೆಲ್ ಆಯಿಲ್ ಎಷ್ಟೇ ಒಳ್ಳೆಯದಿದ್ದರೂ ಈ ಕಾರುಗಳಿಗೆ ಬೇಡ.

ಫೋಕ್ಸ್‌ವ್ಯಾಗನ್, ಸ್ಕೋಡಾ ಥರದವರು ತಮ್ಮದೇ ಕೋಡ್ ಕೊಡುತ್ತಾರೆ, ವಿಡಬ್ಲ್ಯೂ 504 00 ಅನ್ನುವ ಹಾಗೆ. ಕ್ಯಾನ್ ಮೇಲೆ ಆ ಕೋಡಿಗೆ ‘ಅಪ್ರೂವ್ಡ್’ ಅಂತ ಇದ್ದರೆ ಕಾರು ಕಂಪನಿಯೇ ಒಪ್ಪಿದೆ ಅಂತ ಅರ್ಥ. ‘ಸೂಟಬಲ್ ಫಾರ್’ ಅಂತ ಇದ್ದರೆ ಅದು ಆಯಿಲ್ ಮಾಡಿದವರ ಸ್ವಂತ ಮಾತು. ವಾರಂಟಿ ಇರುವ ಕಾರಿಗೆ ಮೊದಲನೆಯದನ್ನೇ ಕೇಳಿ.

ಹಾಗಾದರೆ ಯಾವ ಕಂಪನಿ? ಗ್ರೇಡ್ ಮತ್ತು ಸ್ಪೆಸಿಫಿಕೇಶನ್ ಎರಡೂ ಹೊಂದಿದರೆ ಮೊಬಿಲ್, ಶೆಲ್, ಕ್ಯಾಸ್ಟ್ರಾಲ್, ಮೋಟುಲ್, ಸರ್ವೋ ಯಾವುದಾದರೂ ಸರಿ. ಟರ್ಬೊಗೆ ಫುಲ್ ಸಿಂಥೆಟಿಕ್ ಇರಲಿ, ಅದು ಬಿಸಿಗೆ ಬೇಗ ಕೆಡುವುದಿಲ್ಲ. ಮಿನರಲ್ ಆಯಿಲ್ ಬೇಡ.

ಹಂತ 3: ಖರೀದಿ

ಬಿಲ್ ಕೊಡುವ ಅಧಿಕೃತ ಡೀಲರ್ ಹತ್ತಿರ ತಗೊಳ್ಳಿ. ಜೆ.ಸಿ. ರಸ್ತೆಗೆ ಹೋದರೂ ಸರಿ, ಮನೆ ಹತ್ತಿರದ ಪೆಟ್ರೋಲ್ ಬಂಕ್ ಆದರೂ ಸರಿ. ಮುಚ್ಚಳದ ಉಂಗುರ ಬಿಚ್ಚಿಲ್ಲ ತಾನೇ? ಬ್ಯಾಚ್ ನಂಬರ್, ತಯಾರಾದ ತಿಂಗಳು ಅಳಿಸಿಲ್ಲ ತಾನೇ? ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಬೇರೆಲ್ಲ ಕಡೆಗಿಂತ ತೀರಾ ಅಗ್ಗಕ್ಕೆ ಸಿಕ್ಕಿದರೆ ಅಲ್ಲೇ ಬಿಟ್ಟು ಬನ್ನಿ. ಆಯಿಲ್ ಹಾಕಿಸಿದ ಮೇಲೆ ಖಾಲಿ ಕ್ಯಾನ್‌ಗೆ ಸ್ಕ್ರೂಡ್ರೈವರ್‌ನಲ್ಲಿ ಎರಡು ತೂತು ಮಾಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಅಸಲಿ ಕ್ಯಾನೇ.

ಹಂತ 4: ಕಿಲೋಮೀಟರ್ ಜೊತೆ ಗಂಟೆ ಲೆಕ್ಕ ಹಾಕಿ

ಇದೇ ಈ ಲೇಖನದ ಮುಖ್ಯ ಮಾತು. ನಿಧಾನವಾಗಿ ಓದಿ.

ನಮ್ಮಲ್ಲಿ ಹೆಚ್ಚಿನ ಕಂಪನಿಗಳು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅನ್ನುತ್ತವೆ. ಕೆಲವು 15,000 ಹೇಳುತ್ತವೆ. ಆದರೆ ಸಿಲ್ಕ್ ಬೋರ್ಡ್‌ನಲ್ಲಿ ಅರ್ಧ ಗಂಟೆ ನಿಂತಿದ್ದು ಓಡೋಮೀಟರ್‌ನಲ್ಲಿ ಬರುವುದಿಲ್ಲ. ಕಾರು ನಿಂತಿದ್ದರೂ ಎಂಜಿನ್ ಓಡುತ್ತಿರುತ್ತದೆ, ಆಯಿಲ್ ಕಾಯುತ್ತಿರುತ್ತದೆ.

ನಿಮ್ಮ ಕಾರಿನ ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ತೋರಿಸುವ ಪುಟ ಇರುತ್ತದೆ. ಇವತ್ತೇ ನೋಡಿ. ಹೊರ ವರ್ತುಲ ರಸ್ತೆಯಲ್ಲಿ ದಿನಾ ಆಫೀಸಿಗೆ ಹೋಗಿಬರುವವರಿಗೆ ಅದು ಗಂಟೆಗೆ 20 ಕಿ.ಮೀ. ತೋರಿಸಿದರೆ ಆಶ್ಚರ್ಯ ಇಲ್ಲ. ಈಗ ಭಾಗಿಸಿ. 10,000 ಕಿ.ಮೀ. ಓಡಲು ಎಂಜಿನ್ 500 ಗಂಟೆ ದುಡಿದಿದೆ. ಅದೇ ಕಾರು ಹೈವೇಯಲ್ಲಿ ಸರಾಸರಿ 60ರಲ್ಲಿ ಓಡಿದ್ದರೆ ಅದೇ 10,000ಕ್ಕೆ 167 ಗಂಟೆ ಅಷ್ಟೇ. ಮೂರು ಪಟ್ಟು ವ್ಯತ್ಯಾಸ! ಸರ್ವಿಸ್ ಬುಕ್‌ನಲ್ಲಿ ಮಾತ್ರ ಇಬ್ಬರಿಗೂ ಒಂದೇ ಸಾಲು.

ಇದು ನನ್ನ ಸ್ವಂತ ಲೆಕ್ಕ ಮಾತ್ರ ಅಂದುಕೊಳ್ಳಬೇಡಿ. ಮ್ಯಾನ್ಯುಯಲ್‌ನಲ್ಲಿ ‘ಸಿವಿಯರ್ ಕಂಡಿಶನ್ಸ್’ ಅಂತ ಒಂದು ಪುಟ ಹುಡುಕಿ. ನಿಂತು ನಿಂತು ಓಡುವ ಟ್ರಾಫಿಕ್, ಕಡಿಮೆ ದೂರದ ಓಡಾಟ, ಧೂಳಿನ ರಸ್ತೆ, ನಿಂತಲ್ಲೇ ಎಂಜಿನ್ ಓಡಿಸುವುದು ಇವೆಲ್ಲ ಅದರಲ್ಲಿ ಇರುತ್ತವೆ. ಅದು ನಮ್ಮೂರಿನ ವರ್ಣನೆಯೇ ಅಲ್ವಾ? ಆ ಪುಟ ಹೇಳುವ ಅವಧಿಯೇ ನಿಮ್ಮ ಅವಧಿ.

ನನ್ನ ಸಲಹೆ ಹೀಗಿದೆ. ಸರಾಸರಿ ವೇಗ 20ರ ಆಸುಪಾಸಿನಲ್ಲಿದ್ದರೆ 5,000ದಿಂದ 6,000 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಊರು ಮತ್ತು ಹೈವೇ ಸಮ ಇದ್ದರೆ 7,500. ವಾರಕ್ಕೊಮ್ಮೆ ಅಂಗಡಿಗೆ ಮಾತ್ರ ಕಾರು ತೆಗೆಯುವವರು ಎಷ್ಟೇ ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಎರಡು ಮೂರು ಕಿ.ಮೀ. ಓಡಾಟದಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ಅದರಲ್ಲಿ ಸೇರಿದ ನೀರಿನಂಶ, ಪೆಟ್ರೋಲ್ ಅಂಶ ಹಾಗೇ ಉಳಿದು ಆಯಿಲ್ ತೆಳುವಾಗುತ್ತದೆ. ಮಧ್ಯದ ಈ ಒಂದು ಆಯಿಲ್ ಬದಲಾವಣೆಯ ಖರ್ಚು ಟರ್ಬೊ ಬದಲಿಸುವ ಖರ್ಚಿನ ಮುಂದೆ ಏನೂ ಅಲ್ಲ.

ಹಂತ 5: ಬದಲಿಸುವ ದಿನ ಪಕ್ಕದಲ್ಲೇ ನಿಲ್ಲಿ

ಎಂಜಿನ್ ಬೆಚ್ಚಗಿರುವಾಗಲೇ ಹಳೆಯ ಆಯಿಲ್ ಇಳಿಸಬೇಕು, ಕೊಳೆಯೂ ಜೊತೆಗೇ ಇಳಿಯುತ್ತದೆ. ಫಿಲ್ಟರ್ ಹೊಸದೇ ಆಗಿರಲಿ. ಕೆಳಗಿನ ಬೋಲ್ಟಿನ ವಾಷರ್ ಕೂಡ ಹೊಸದು ಹಾಕಲು ಹೇಳಿ, ಇಲ್ಲದಿದ್ದರೆ ಪಾರ್ಕಿಂಗ್‌ನಲ್ಲಿ ದಿನಾ ಒಂದು ಹನಿ ಕಾಣುತ್ತದೆ.

ಆಮೇಲೆ ಅಳತೆ. ಬರೆದುಕೊಂಡ ಮೂರನೇ ಸಾಲು ಈಗ ಬೇಕು. ಒಮ್ಮೆ ನನ್ನ ಕಾರಿಗೆ ಸರ್ವಿಸ್ ಆದ ಮಾರನೇ ದಿನ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ತೆಗೆದರೆ ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು. 3.6 ಲೀಟರ್ ಹಿಡಿಯುವ ಎಂಜಿನ್‌ಗೆ ಬಿಲ್ಲಿನಲ್ಲಿ 4.2 ಲೀಟರ್ ಬರೆದಿತ್ತು. ವಾಪಸ್ ಹೋಗಿ ತೆಗೆಸಿದೆ. ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಕ್ರ್ಯಾಂಕ್ ಶಾಫ್ಟ್ ಆಯಿಲ್‌ಗೆ ಬಡಿದು ಮಜ್ಜಿಗೆ ಕಡೆದ ಹಾಗೆ ನೊರೆ ಬರಿಸುತ್ತದೆ. ನೊರೆಯಲ್ಲಿರುವುದು ಗಾಳಿ. ಗಾಳಿ ಟರ್ಬೊ ಶಾಫ್ಟನ್ನು ತೇಲಿಸುವುದಿಲ್ಲ.

‘ಎಂಜಿನ್ ಫ್ಲಶ್ ಮಾಡಲಾ? ಈ ಪುಟ್ಟ ಬಾಟಲಿ ಸೇರಿಸಲಾ?’ ಅಂತ ಕೇಳಿದರೆ ಬೇಡ ಅನ್ನಿ. ಒಳ್ಳೆಯ ಆಯಿಲ್‌ನಲ್ಲಿ ಬೇಕಾದ್ದೆಲ್ಲ ಇರುತ್ತದೆ. ಹಳೆಯ ಎಂಜಿನ್‌ನಲ್ಲಿ ಫ್ಲಶ್ ಮಾಡಿದರೆ ಸಡಿಲವಾದ ಕೊಳೆ ಹೋಗಿ ಟರ್ಬೊದ ಸಣ್ಣ ಪೈಪಿನಲ್ಲೇ ಸಿಕ್ಕಿಕೊಳ್ಳಬಹುದು.

ಏರ್ ಫಿಲ್ಟರನ್ನೂ ಅವತ್ತೇ ತೆಗೆಸಿ ನೋಡಿ. ಮೆಟ್ರೊ ಕೆಲಸ, ಅಗೆದ ರಸ್ತೆ ಇರುವ ಕಡೆ ಓಡಾಡುವವರ ಫಿಲ್ಟರ್ ಬೇಗ ತುಂಬುತ್ತದೆ. ಧೂಳು ಒಳಗೆ ಹೋದರೆ ಟರ್ಬೊದ ಚಕ್ರದ ಅಂಚು ಸವೆಯುತ್ತದೆ.

ಹಂತ 6: ತಿಂಗಳಿಗೆ ಎರಡು ಸಲ ಡಿಪ್‌ಸ್ಟಿಕ್

ಅಪಾರ್ಟ್‌ಮೆಂಟ್ ನೆಲಮಾಳಿಗೆಯ ಇಳಿಜಾರಿನಲ್ಲಿ ನೋಡಬೇಡಿ, ಸಮತಟ್ಟಾದ ಜಾಗ ಬೇಕು. ಎಂಜಿನ್ ಆಫ್ ಮಾಡಿ 10 ನಿಮಿಷ ಬಿಡಿ. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಎರಡು ಗುರುತುಗಳ ನಡುವೆ ಮೇಲಿನ ಅರ್ಧದಲ್ಲಿ ಇದ್ದರೆ ಸರಿ.

ಬಣ್ಣ ಕಪ್ಪಾಗಿದ್ದರೆ ಹೆದರಬೇಡಿ, ಡೀಸೆಲ್‌ನಲ್ಲಿ ಎರಡೇ ದಿನಕ್ಕೆ ಕಪ್ಪಾಗುತ್ತದೆ. ಮೂಸಿ ನೋಡಿ. ಪೆಟ್ರೋಲ್ ವಾಸನೆ ಜೋರಾಗಿದ್ದು ಮಟ್ಟವೂ ಏರಿದ್ದರೆ ಆಯಿಲ್‌ಗೆ ಪೆಟ್ರೋಲ್ ಸೇರುತ್ತಿದೆ, ಬೇಗ ಬದಲಿಸಿ. ಡೀಸೆಲ್ ಕಾರಿನಲ್ಲಿ ಮಟ್ಟ ಏರಲು ಇನ್ನೊಂದು ಕಾರಣ ಇದೆ. ಡಿಪಿಎಫ್ ತನ್ನ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಬಳಸುತ್ತದೆ. ಅದು ಅರ್ಧಕ್ಕೆ ನಿಂತರೆ ಉಳಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಊರೊಳಗೇ ಓಡಿಸುವವರು ಆಗಾಗ ನೈಸ್ ರಸ್ತೆ ಅಥವಾ ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ.

ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ಕೂಲೆಂಟ್ ಸೇರಿರಬಹುದು. ಕಾರು ಓಡಿಸದೆ ಗ್ಯಾರೇಜಿಗೆ ಫೋನ್ ಮಾಡಿ.

ಮಟ್ಟ ಇಳಿದಿದ್ದರೆ ಅದೇ ಗ್ರೇಡ್, ಅದೇ ಸ್ಪೆಸಿಫಿಕೇಶನ್‌ನ ಆಯಿಲ್ ಸ್ವಲ್ಪ ಸ್ವಲ್ಪವೇ ಹಾಕಿ. ಬೇರೆ ಕಂಪನಿಯದಾದರೂ ನಡೆಯುತ್ತದೆ. ದೂರದ ಪ್ರಯಾಣಕ್ಕೆ ಡಿಕ್ಕಿಯಲ್ಲಿ ಒಂದು ಲೀಟರ್ ಇಟ್ಟುಕೊಂಡಿರಿ.

ಹಂತ 7: ಓಡಿಸುವಾಗ

ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಮಾಡಬೇಡಿ. ಸೀಟ್ ಬೆಲ್ಟ್ ಹಾಕಿಕೊಳ್ಳುವಷ್ಟು ಹೊತ್ತು ಸಾಕು, ಆಮೇಲೆ ನಿಧಾನಕ್ಕೆ ಹೊರಡಿ. ಮೀಟರಿನಲ್ಲಿ ಕಾಣುವ ಬಿಸಿ ಕೂಲೆಂಟ್‌ದು. ಆಯಿಲ್ ಕಾಯಲು ಇನ್ನೂ ಸಮಯ ಬೇಕು. ಮೊದಲ 10 ನಿಮಿಷ ಜೋರಾಗಿ ಒತ್ತಬೇಡಿ.

ಹಂಪ್ ವಿಷಯ. ನಮ್ಮ ಬೀದಿಗಳಲ್ಲಿ ನೂರು ಹೆಜ್ಜೆಗೊಂದು ಹಂಪ್. ಮೂರನೇ ಗೇರಿನಲ್ಲೇ ಹಂಪ್ ದಾಟಿ, ಆರ್‌ಪಿಎಂ ಮೀಟರ್ 1,200 ತೋರಿಸುವಾಗ ಪೂರ್ತಿ ಒತ್ತುವವರು ತುಂಬಾ ಜನ. ಎಲ್‌ಎಸ್‌ಪಿಐ ಬರುವುದು ಇಂಥ ಹೊತ್ತಲ್ಲೇ. ಎರಡನೇ ಗೇರಿಗೆ ಇಳಿಸಿ, ಎಂಜಿನ್ ಸಲೀಸಾಗಿ ತಿರುಗಲಿ.

ನಿಲ್ಲಿಸುವಾಗ ಒಂದು ನಿಮಿಷ ಎಂಜಿನ್ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಟ್ರಾಫಿಕ್‌ನಲ್ಲಿ ತೆವಳಿಕೊಂಡು ಮನೆ ಸೇರಿದರೆ ಬೇಡ, ಟರ್ಬೊ ಆಗಲೇ ತಣ್ಣಗಿರುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರಲ್ಲಿ ಬಂದು ಬಿಡದಿಗೆ ತಟ್ಟೆ ಇಡ್ಲಿಗೆ ಇಳಿದರೂ ಸರ್ವಿಸ್ ರಸ್ತೆಯಲ್ಲಿ ನಿಧಾನ ಬರುವಷ್ಟರಲ್ಲಿ ಬಿಸಿ ಇಳಿದಿರುತ್ತದೆ. ಆದರೆ ನಂದಿ ಬೆಟ್ಟ ಹತ್ತಿ ನೇರ ಪಾರ್ಕಿಂಗ್‌ಗೆ ಬಂದಾಗ, ಹೈವೇ ಪಕ್ಕದ ಹೋಟೆಲಿಗೆ ಸೀದಾ ನುಗ್ಗಿದಾಗ ಒಂದು ನಿಮಿಷ ಓಡಲು ಬಿಡಿ. ತಕ್ಷಣ ಆಫ್ ಮಾಡಿದರೆ ಆಯಿಲ್ ಹರಿವು ನಿಲ್ಲುತ್ತದೆ, ಕೆಂಡದಂಥ ಟರ್ಬೊ ಒಳಗೆ ಉಳಿದ ಆಯಿಲ್ ಅಲ್ಲೇ ಬೇಯುತ್ತದೆ. ಈಗಿನ ಎಷ್ಟೋ ಕಾರುಗಳ ಟರ್ಬೊಗೆ ಕೂಲೆಂಟ್ ಸುತ್ತಿಸಿ ತಣಿಸುವ ಏರ್ಪಾಡು ಇದೆ, ಆದರೂ ಈ ಒಂದು ನಿಮಿಷ ವ್ಯರ್ಥ ಅಲ್ಲ. ಜೋರಾಗಿ ಓಡಿಸಿಕೊಂಡು ಟೋಲ್ ಹತ್ತಿರ ಬರುವಾಗ ಆಟೋ ಸ್ಟಾರ್ಟ್-ಸ್ಟಾಪ್ ಬಟನ್ ಒತ್ತಿ ಆಫ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕ್ಯೂನಲ್ಲಿ ಕಾರೇ ಎಂಜಿನ್ ನಿಲ್ಲಿಸಿಬಿಡುತ್ತದೆ.

ಹಂತ 8: ಇವು ಕಂಡರೆ ತಡ ಮಾಡಬೇಡಿ

ಸೈಲೆನ್ಸರ್‌ನಿಂದ ನೀಲಿ ಹೊಗೆ, ಮೊದಲು ಇಲ್ಲದ ಸೈರನ್ ಥರದ ಶಬ್ದ, ಏರು ರಸ್ತೆಯಲ್ಲಿ ಎಳೆತ ಕಡಿಮೆಯಾಗುವುದು, ಎಲ್ಲೂ ಸೋರದೆ ಆಯಿಲ್ ಖಾಲಿಯಾಗುವುದು. ಕೆಂಪು ಆಯಿಲ್ ದೀಪ ಹೊತ್ತಿದರಂತೂ ‘ಮುಂದಿನ ಸಿಗ್ನಲ್‌ವರೆಗೆ’ ಅನ್ನಬೇಡಿ, ಪಕ್ಕಕ್ಕೆ ಹಾಕಿ ಆಗಲೇ ಆಫ್ ಮಾಡಿ. ಆ ದೀಪ ಹೇಳುವುದು ಆಯಿಲ್‌ಗೆ ಬೇಕಾದಷ್ಟು ಒತ್ತಡ ಇಲ್ಲ ಅಂತ.

ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಪೈಪಿನ ಒಳಗೆ ತೆಳುವಾಗಿ ಆಯಿಲ್ ಸವರಿದ ಹಾಗೆ ಇದ್ದರೆ ಅದು ಸಹಜ. ಅದನ್ನು ತೋರಿಸಿ ಟರ್ಬೊ ಹೋಗಿದೆ ಅಂದರೆ ಒಪ್ಪಬೇಡಿ. ಪೈಪು ಬಗ್ಗಿಸಿದಾಗ ಆಯಿಲ್ ಸುರಿದರೆ ಆಗ ಪರೀಕ್ಷೆ ಮಾಡಿಸಿ. ಟರ್ಬೊ ಬದಲಿಸಲೇಬೇಕಾಗಿ ಬಂದರೆ ಆಯಿಲ್, ಫಿಲ್ಟರ್, ಟರ್ಬೊಗೆ ಹೋಗುವ ಆಯಿಲ್ ಪೈಪು ಮೂರನ್ನೂ ಜೊತೆಗೇ ಹೊಸದು ಹಾಕಿಸಿ. ಹಳೆಯ ಪೈಪಿನ ಕರಿ ಹೊಸ ಟರ್ಬೊವನ್ನೂ ಹಾಳು ಮಾಡುತ್ತದೆ.

ಮನೆಯಲ್ಲೇ ಬದಲಿಸುವವರಿಗೆ ಒಂದು ಮಾತು. ಇಳಿಸಿದ ಆಯಿಲನ್ನು ಚರಂಡಿಗೆ, ಮಳೆನೀರಿನ ಮೋರಿಗೆ ಸುರಿಯಬೇಡಿ, ಅದು ಸೀದಾ ಕೆರೆಗೆ ಹೋಗುತ್ತದೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳ ಇರುವ ಡಬ್ಬದಲ್ಲಿ ತುಂಬಿ, ಬಳಸಿದ ಆಯಿಲನ್ನು ಅಧಿಕೃತ ಮರುಬಳಕೆಯವರಿಗೆ ಕೊಡುವ ಸರ್ವಿಸ್ ಸೆಂಟರ್‌ಗೆ ಕೊಡಿ. ಆಮೇಲೆ ಒಂದು ಚೀಟಿಯಲ್ಲಿ ತಾರೀಖು, ಕಿಲೋಮೀಟರ್, ಗ್ರೇಡ್, ಎಷ್ಟು ಲೀಟರ್ ಹಾಕಿದಿರಿ ಅಂತ ಬರೆದು ಬಾನೆಟ್ ಒಳಗಡೆ ಅಂಟಿಸಿ. ಡಿಸ್‌ಪ್ಲೇಯ ಸರಾಸರಿ ವೇಗವನ್ನೂ ಅವತ್ತೇ ಸೊನ್ನೆಗೆ ತನ್ನಿ. ಮುಂದಿನ ಸಲದ ಗಂಟೆ ಲೆಕ್ಕ ಅಲ್ಲಿಂದ ಶುರುವಾಗಲಿ.